ಏರ್‌ಲೈನ್ ಮೈಲ್ಸ್: ಯಾವ ಖಾತೆಗೆ ಹಾಕಬೇಕು, ಹೇಗೆ ಕೂಡಿಸಬೇಕು, ಯಾವಾಗ ಖರ್ಚು ಮಾಡಬೇಕು

ಹೋದ ತಿಂಗಳು ಹಳೆಯ ಇಮೇಲ್‌ಗಳನ್ನು ಅಳಿಸುತ್ತಾ ಕೂತಿದ್ದೆ. ಒಂದು ಏರ್‌ಲೈನ್‌ನ ಖಾತೆಯಲ್ಲಿ ನನ್ನ ಹೆಸರಿಗೆ 11,400 ಮೈಲ್ಸ್ ಇತ್ತಂತೆ. ಇನ್ನೊಂದರಲ್ಲಿ 8,200, ಮತ್ತೊಂದರಲ್ಲಿ 6,000 ಚಿಲ್ಲರೆ. ನಾಲ್ಕನೆಯದರಲ್ಲಿ ಎಷ್ಟಿದೆ ಅಂತ ನೋಡೋಕೂ ಆಗಲಿಲ್ಲ, ಪಾಸ್‌ವರ್ಡ್ ಮರೆತುಹೋಗಿತ್ತು. ಮೊದಲ ಮೂರೂ ಅವಧಿ ಮುಗಿದು ಸೊನ್ನೆ. ಎಂಟು ವರ್ಷ ಆಫೀಸಿನ ಕೆಲಸಕ್ಕೆ ಅಂತ ಅಲ್ಲಿಗೂ ಇಲ್ಲಿಗೂ ಓಡಾಡಿದ್ದೇನೆ, ಕಂಪನಿ ಯಾವ ವಿಮಾನ ಬುಕ್ ಮಾಡಿತೋ ಆ ಏರ್‌ಲೈನ್‌ನಲ್ಲಿ ಒಂದು ಖಾತೆ ತೆರೆದು ಖುಷಿಪಟ್ಟಿದ್ದೇನೆ, ಕೊನೆಗೆ ಕೈಗೆ ಬಂದಿದ್ದು ಏನೂ ಇಲ್ಲ. ಹನಿಗೂಡಿದರೆ ಹಳ್ಳ ಅಂತಾರೆ. ಸರಿ, ಆದರೆ ಆ ಹನಿಗಳನ್ನು ನಾಲ್ಕು ಬೇರೆ ಬೇರೆ ಚೊಂಬಿನಲ್ಲಿ ಹಿಡಿದರೆ ಒಂದರಲ್ಲೂ ಮುಖ ತೊಳೆಯುವಷ್ಟು ನೀರು ಇರಲ್ಲ.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ವರ್ಷಕ್ಕೆ ಎರಡು-ಮೂರು ಸಲ ವಿಮಾನ ಹತ್ತುವವರು, ಮಗಳು ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದಾಳೆ ಅಂತ ಹೋಗಿಬರುವ ಅಪ್ಪ-ಅಮ್ಮ, ಆನ್‌ಸೈಟ್ ಅಂತ ಓಡಾಡುವ ಐಟಿ ಹುಡುಗರು, ಇಂಥವರಿಗೆ. ತಿಂಗಳಿಗೆ ನಾಲ್ಕು ಸಲ ಬಿಸಿನೆಸ್ ಕ್ಲಾಸಿನಲ್ಲಿ ಹೋಗುವವರಿಗೆ ಇದೆಲ್ಲ ಗೊತ್ತೇ ಇರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಮೈಲಿ ಬೇರೆ, ಮೈಲ್ಸ್ ಬೇರೆ. ಮೈಲಿ ಅಂದರೆ ದೂರ. ಮೈಲ್ಸ್ ಅಂದರೆ ಏರ್‌ಲೈನ್ ಕೊಡುವ ಪಾಯಿಂಟು, ಕೂಡಿಟ್ಟರೆ ಅದರಿಂದ ಟಿಕೆಟ್ ತೆಗೆಯಬಹುದು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಎಎಡ್ವಾಂಟೇಜ್ ಅನ್ನುವ ಮೈಲ್ಸ್ ಯೋಜನೆ ಶುರು ಮಾಡಿದಾಗ ಹಾರಿದ ದೂರವನ್ನೇ ಎಣಿಸಿ ಕೊಡುತ್ತಿದ್ದರು, ಹೆಸರು ಹಾಗೇ ಉಳಿದುಕೊಂಡಿತು. ಈಗ ಬಹಳ ಕಡೆ ಲೆಕ್ಕ ದೂರದ ಮೇಲಲ್ಲ, ನೀವು ಕೊಟ್ಟ ದುಡ್ಡಿನ ಮೇಲೆ.

ಎರಡನೆಯದು, ಇದೇ ಮುಖ್ಯ. ನೀವು ಹತ್ತಿದ ವಿಮಾನದ ಕಂಪನಿಯಲ್ಲೇ ಮೈಲ್ಸ್ ಹಾಕಬೇಕು ಅಂತ ಏನೂ ಇಲ್ಲ. ಏರ್‌ಲೈನ್‌ಗಳು ಮೂರು ದೊಡ್ಡ ಕೂಟ ಮಾಡಿಕೊಂಡಿವೆ: 1997ರಲ್ಲಿ ಶುರುವಾದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್. ಒಂದೇ ಕೂಟದಲ್ಲಿರುವ ಯಾವ ವಿಮಾನದಲ್ಲಿ ಹೋದರೂ ಕೂಟದ ಇನ್ನೊಂದು ಏರ್‌ಲೈನ್‌ನ ಖಾತೆಗೆ ಮೈಲ್ಸ್ ಹಾಕಿಸಬಹುದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋಗಿ, ಅಲ್ಲಿಂದ ಯುನೈಟೆಡ್‌ನಲ್ಲಿ ಅಮೆರಿಕಕ್ಕೆ ಹೋಗಿ, ಎರಡನ್ನೂ ಏರ್ ಇಂಡಿಯಾದ ಮಹಾರಾಜ ಕ್ಲಬ್‌ಗೋ ಸಿಂಗಾಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ಗೋ ಹಾಕಿಸಬಹುದು. ಆದರೆ ಒಂದು ಹಾರಾಟಕ್ಕೆ ಒಂದೇ ಖಾತೆ. ಎರಡು ಕಡೆ ಹಾಕಿಸೋಕೆ ಆಗಲ್ಲ.

ಇದು ಗೊತ್ತಿಲ್ಲದೇ ನಾನು ಲುಫ್ತಾನ್ಸಾಗೆ ಒಂದು, ಯುನೈಟೆಡ್‌ಗೆ ಒಂದು, ಏರ್ ಇಂಡಿಯಾಗೆ ಒಂದು ಅಂತ ಖಾತೆ ಇಟ್ಟುಕೊಂಡಿದ್ದೆ. ಮೂರೂ ಒಂದೇ ಕೂಟದವು!

ಹೆಜ್ಜೆ 1: ಮೈಲ್ಸ್‌ನಿಂದ ಯಾವ ಟಿಕೆಟ್ ಬೇಕು ಅಂತ ಮೊದಲು ಹೇಳಿ

ಜನ ತಪ್ಪುವುದು ಇಲ್ಲೇ. ಯಾವ ವಿಮಾನದಲ್ಲಿ ಜಾಸ್ತಿ ಹೋಗುತ್ತೇನೆ ಅಂತ ನೋಡಿ ಖಾತೆ ತೆರೆಯುತ್ತಾರೆ. ಅದರ ಬದಲು, ಎರಡು ವರ್ಷ ಬಿಟ್ಟು ಪುಕ್ಕಟೆ ಟಿಕೆಟ್ ಸಿಕ್ಕರೆ ಎಲ್ಲಿಗೆ ಹೋಗುತ್ತೀರಿ, ಯಾರು ಯಾರು ಹೋಗುತ್ತೀರಿ ಅಂತ ಯೋಚಿಸಿ. ಉತ್ತರ ಸಿಕ್ಕಿದ ಮೇಲೆ ಆ ದಾರಿಯಲ್ಲಿ ಯಾವ ಏರ್‌ಲೈನ್ ಇದೆ, ಅದು ಯಾವ ಕೂಟದಲ್ಲಿದೆ ನೋಡಿ. ಚೀಟಿ ಹಾಕುವಾಗಲೂ ಮಗಳ ಮದುವೆಗೋ ಮನೆ ರಿಪೇರಿಗೋ ಅಂತ ಲೆಕ್ಕ ಇಟ್ಟೇ ಹಾಕುತ್ತೇವೆ, ಅಲ್ವಾ?

ಬೆಂಗಳೂರಿನಿಂದ ನೋಡಿದರೆ ಚಿತ್ರ ಸುಮಾರಾಗಿ ಹೀಗಿದೆ.

ದೇಶದೊಳಗೆ ಮಾತ್ರ ಓಡಾಡುವವರಿಗೆ ಮುಖ್ಯವಾಗಿ ಇರುವುದು ಎರಡು ಆಯ್ಕೆ. ಇಂಡಿಗೋ 2024ರಲ್ಲಿ ಬ್ಲೂಚಿಪ್ ಅನ್ನುವ ಯೋಜನೆ ತಂದಿತು. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಇಂಡಿಗೋದಲ್ಲೇ ಹೋಗುವುದರಿಂದ, ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ದೆಹಲಿ ಅಂತ ತಿರುಗುವವರಿಗೆ ಇದೇ ಸುಲಭ. ಖರ್ಚು ಮಾಡಿದ ರೂಪಾಯಿಗೆ ಇಷ್ಟು ಅಂತ ಪಾಯಿಂಟು. ಆದರೆ ಇಂಡಿಗೋ ಯಾವ ಕೂಟದಲ್ಲೂ ಇಲ್ಲ. ಆ ಪಾಯಿಂಟು ಹಿಡಿದುಕೊಂಡು ಮೂರೂ ಕೂಟಗಳ ವಿಮಾನ ಹುಡುಕಿಕೊಂಡು ಹೋಗುವ ದಾರಿ ಇಲ್ಲಿಲ್ಲ.

ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್‌ನಲ್ಲಿದೆ. ಅದರ ಹಳೆಯ ಮೈಲ್ಸ್ ಯೋಜನೆ ಫ್ಲೈಯಿಂಗ್ ರಿಟರ್ನ್ಸ್ ಈಗ ಮಹಾರಾಜ ಕ್ಲಬ್ ಆಗಿದೆ. 2024ರ ನವೆಂಬರ್‌ನಲ್ಲಿ ವಿಸ್ತಾರ ಇದರಲ್ಲಿ ಸೇರಿದಾಗ ಕ್ಲಬ್ ವಿಸ್ತಾರದ ಪಾಯಿಂಟುಗಳೂ ಇಲ್ಲಿಗೇ ಬಂದವು. ಇದರ ಸ್ವಂತ ವಿಮಾನದಲ್ಲಿ ಖರ್ಚಿನ ಮೇಲೆ ಪಾಯಿಂಟು. ದೇಶದೊಳಗೂ ಹೊರಗೂ ಓಡಾಡುವ ಮನೆಗೆ ನನ್ನ ಮೊದಲ ಸಲಹೆ ಇದೇ, ಯಾಕೆಂದರೆ ದೆಹಲಿಗೆ ಹೋದ ಚಿಲ್ಲರೆ ಪಾಯಿಂಟೂ ಮ್ಯೂನಿಕ್‌ಗೆ ಹೋದ ದೊಡ್ಡ ಗಂಟೂ ಒಂದೇ ಕಡೆ ಬೀಳುತ್ತವೆ.

ಸಿಂಗಾಪುರ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಬಂಧುಗಳಿದ್ದರೆ ಕ್ರಿಸ್‌ಫ್ಲೈಯರ್ ನೋಡಿ. ಇದೂ ಸ್ಟಾರ್ ಅಲಯನ್ಸ್. ಸಿಂಗಾಪುರ ಏರ್‌ಲೈನ್ಸ್ ತನ್ನದೇ ವಿಮಾನದ ಮೈಲ್ಸ್ ಟಿಕೆಟ್‌ಗೆ 2017ರಿಂದ ಫ್ಯುಯೆಲ್ ಸರ್‌ಚಾರ್ಜ್ (ಇಂಧನದ ಹೆಸರಿನಲ್ಲಿ ಸೇರಿಸುವ ಹೆಚ್ಚುವರಿ ದುಡ್ಡು) ಹಾಕುವುದಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಮುಂದೆ ಲೆಕ್ಕ ಹಾಕುವಾಗ ಗೊತ್ತಾಗುತ್ತದೆ. ಗಂಟಲಲ್ಲಿ ಸಿಕ್ಕಿಕೊಳ್ಳುವ ವಿಷಯ ಏನೆಂದರೆ ಇವರ ಮೈಲ್ಸ್ 36 ತಿಂಗಳಿಗೆ ಮುಗಿಯುತ್ತವೆ, ನೀವು ನಡುವೆ ಹಾರಾಡಿದ್ದೀರಿ ಅಂತ ಹಳೆಯವು ಉಳಿಯಲ್ಲ.

ಕತಾರ್ ಮತ್ತು ಬ್ರಿಟಿಷ್ ಏರ್‌ವೇಸ್ ಎರಡೂ ಒನ್‌ವರ್ಲ್ಡ್‌ನವು, ಎರಡರ ನಾಣ್ಯವೂ ಏವಿಯೋಸ್. ಒಂದರಿಂದ ಇನ್ನೊಂದಕ್ಕೆ ದಾಟಿಸಬಹುದು. ಫಿನ್‌ಏರ್, ಐಬೇರಿಯಾಗಳೂ ಇದೇ ಮನೆಯವು. ದೋಹಾ ಮೂಲಕ ಒಂದು ಸಲ, ಲಂಡನ್ ಮೂಲಕ ಇನ್ನೊಂದು ಸಲ ಅಮೆರಿಕಕ್ಕೆ ಹೋಗುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಏರ್ ಫ್ರಾನ್ಸ್, ಕೆಎಲ್‌ಎಂ ಎರಡಕ್ಕೂ ಸೇರಿ ಫ್ಲೈಯಿಂಗ್ ಬ್ಲೂ ಅನ್ನುವ ಒಂದೇ ಯೋಜನೆ, ಅದು ಸ್ಕೈಟೀಮ್.

ಎಮಿರೇಟ್ಸ್ ಯಾವ ಕೂಟಕ್ಕೂ ಸೇರಿಲ್ಲ. ಬಿಡಿ ಬಿಡಿ ಪಾಲುದಾರರು ಇದ್ದಾರೆ, ಫ್ಲೈದುಬೈ ಜೊತೆ ಖಾತೆಯೂ ಒಂದೇ. ಸದಾ ದುಬೈ ಮೂಲಕವೇ ಹೋಗುವವರಾದರೆ ಮಾತ್ರ ಇವರ ಯೋಜನೆಯಾದ ಸ್ಕೈವಾರ್ಡ್ಸ್‌ಗೆ ಅಂಟಿಕೊಳ್ಳಿ.

ಕರಾವಳಿಯವರಿಗೆ ಒಂದು ಮಾತು. ಮಂಗಳೂರಿನಿಂದ ನೇರ ಗಲ್ಫ್‌ಗೆ ಹೋಗುವ ವಿಮಾನಗಳು ಹೆಚ್ಚಾಗಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನವು. ಎಕ್ಸ್‌ಪ್ರೆಸ್ ಬೇರೆ, ಏರ್ ಇಂಡಿಯಾ ಬೇರೆ. ಹೆಸರು ನೋಡಿ ಮೋಸ ಹೋಗಬೇಡಿ, ಟಿಕೆಟ್ ತೆಗೆಯುವ ಮೊದಲು ಯಾವ ಪಾಯಿಂಟು ಎಲ್ಲಿಗೆ ಬರುತ್ತದೆ ಅಂತ ನೋಡಿಕೊಳ್ಳಿ. ಮೈಲ್ಸ್ ಆಸೆಗೆ ಬೆಂಗಳೂರಿಗೆ ಬಸ್ ಹತ್ತಿ ಬಂದು ಅಲ್ಲಿಂದ ಹಾರುವುದು ಲಾಭದ ಮಾತಲ್ಲ. ಶಿರಾಡಿ ಘಾಟಿಯಲ್ಲಿ ಒಂದು ರಾತ್ರಿ ಸಿಕ್ಕಿಕೊಂಡರೆ ಸಾಕು, ಗೊತ್ತಾಗುತ್ತದೆ.

ಹೆಜ್ಜೆ 2: ಖಾತೆ ತೆರೆಯುವಾಗ ಹೆಸರು, ಹೆಸರು, ಹೆಸರು

ಖಾತೆಗೆ ದುಡ್ಡು ಕೊಡಬೇಕಿಲ್ಲ, ಐದು ನಿಮಿಷದ ಕೆಲಸ. ಆದರೆ ನಮ್ಮ ಕಡೆಯವರಿಗೆ ತೊಂದರೆ ಆಗುವುದು ಹೆಸರಿನಿಂದ. ನಮಗೆ ಸರ್‌ನೇಮ್ ಅನ್ನೋದು ಬಹಳ ಜನಕ್ಕೆ ಇಲ್ಲವೇ ಇಲ್ಲ, ಇರುವುದು ಇನಿಷಿಯಲ್. ಅಮ್ಮನ ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಅಕ್ಷರ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅದೇ ಎರಡು ಅಕ್ಷರ ಬಿಡಿಸಿ ಊರಿನ ಹೆಸರು, ತಾತನ ಹೆಸರು ಎಲ್ಲ ಸರ್‌ನೇಮ್ ಜಾಗದಲ್ಲಿ ಕೂತಿದೆ. ನಾನು ಖಾತೆ ತೆರೆದದ್ದು ಇನಿಷಿಯಲ್ ಹಾಕಿ. ಟಿಕೆಟ್ ಆಗಿದ್ದು ಪಾಸ್‌ಪೋರ್ಟ್ ಪ್ರಕಾರ. ಅಮ್ಮ ಅಕ್ಕನ ಮನೆಗೆ ಮ್ಯೂನಿಕ್‌ಗೆ ಹೋಗಿ ಬಂದರು, ಮೈಲ್ಸ್ ಬರಲೇ ಇಲ್ಲ. ಕೇಳಿದರೆ, ಹೆಸರು ಹೊಂದುತ್ತಿಲ್ಲ. ಮೂರು ಇಮೇಲ್, ಪಾಸ್‌ಪೋರ್ಟ್ ಸ್ಕ್ಯಾನ್, ಆರು ವಾರ. ಆಮೇಲೆ ಬಂತು.

ಪಾಸ್‌ಪೋರ್ಟ್ ತೆಗೆದು ಪಕ್ಕದಲ್ಲಿಟ್ಟುಕೊಂಡು ಅದರಲ್ಲಿರುವ ಹಾಗೇ, ಅಕ್ಷರ ಅಕ್ಷರ, ಟೈಪ್ ಮಾಡಿ. ಸರ್‌ನೇಮ್ ಜಾಗ ಖಾಲಿ ಇರುವವರು, ಏರ್‌ಲೈನ್ ಟಿಕೆಟ್‌ಗೆ ಹೆಸರು ಹೇಗೆ ಹಾಕಲು ಹೇಳುತ್ತದೋ ಖಾತೆಗೂ ಹಾಗೇ ಹಾಕಿ. ಖಾತೆ, ಟಿಕೆಟ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಇರಬೇಕು ಅನ್ನೋದಷ್ಟೇ ನಿಯಮ.

ಮನೆಯವರಿಗೆಲ್ಲ ಬೇರೆ ಬೇರೆ ಖಾತೆ ಬೇಕು, ಅಪ್ಪನ ಹಾರಾಟ ನಿಮ್ಮ ಖಾತೆಗೆ ಬೀಳಲ್ಲ. ಎರಡು ವರ್ಷ ದಾಟಿದ ಮಕ್ಕಳಿಗೂ ಸಾಮಾನ್ಯವಾಗಿ ಖಾತೆ ತೆರೆಯಬಹುದು. ಆಮೇಲೆ ಕುಟುಂಬದ ಮೈಲ್ಸ್ ಒಟ್ಟಿಗೆ ಸೇರಿಸುವ ಸೌಲಭ್ಯ ಇದೆಯಾ ನೋಡಿ. ಎಮಿರೇಟ್ಸ್, ಕತಾರ್, ಬ್ರಿಟಿಷ್ ಏರ್‌ವೇಸ್, ಫ್ಲೈಯಿಂಗ್ ಬ್ಲೂ ಇವುಗಳಲ್ಲಿ ಇದೆ. ಕ್ರಿಸ್‌ಫ್ಲೈಯರ್‌ನಲ್ಲಿ ನಿಮ್ಮ ಮೈಲ್ಸ್‌ನಿಂದ ಬೇರೆಯವರಿಗೆ ಟಿಕೆಟ್ ತೆಗೆಯಬಹುದು, ಆದರೆ ಐದು ಜನರ ಹೆಸರನ್ನು ಮೊದಲೇ ಬರೆಸಿಟ್ಟಿರಬೇಕು. ನಿಮ್ಮನ್ನು ಬಿಟ್ಟು ಮನೆಯಲ್ಲಿ ಆರು ಜನ ಇದ್ದರೆ ಯಾರನ್ನು ಬಿಡುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು!

ಹೆಜ್ಜೆ 3: ಟಿಕೆಟ್ ಮೇಲಿರುವ ಆ ಒಂದು ಅಕ್ಷರ

ಇ-ಟಿಕೆಟ್ ತೆಗೆದು ನೋಡಿ. ವಿಮಾನದ ನಂಬರ್, ಹೊತ್ತು, ಸೀಟು ಇದರ ನಡುವೆ ಎಲ್ಲೋ ಒಂದು ಕಡೆ ಕ್ಲಾಸ್ ಅಂತ ಇದ್ದು ಅದರ ಮುಂದೆ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ವೈ, ಎಂ, ಕ್ಯೂ, ಕೆ, ಹೀಗೆ. ಎಲ್ಲವೂ ಎಕಾನಮಿಯೇ, ಊಟ ಒಂದೇ, ಸೀಟೂ ಒಂದೇ. ಆದರೆ ಮೈಲ್ಸ್ ಲೆಕ್ಕದಲ್ಲಿ ಆಕಾಶ-ಭೂಮಿ ವ್ಯತ್ಯಾಸ. ದೂರದ ಮೇಲೆ ಕೊಡುವ ಯೋಜನೆಗಳು ದುಬಾರಿ ಅಕ್ಷರಕ್ಕೆ ಪೂರ್ತಿ ದೂರ, ಅಗ್ಗದ ಅಕ್ಷರಕ್ಕೆ ಅರ್ಧ, ಕಾಲು, ಕೆಲವು ಸಲ ಸೊನ್ನೆ ಕೊಡುತ್ತವೆ.

ಬೆಂಗಳೂರಿನಿಂದ ಸಿಂಗಾಪುರ ಸುಮಾರು 3,200 ಕಿ.ಮೀ., ಅಂದರೆ ಹೆಚ್ಚುಕಮ್ಮಿ 2,000 ಮೈಲಿ. ಪೂರ್ತಿ ಕೊಟ್ಟರೆ ಹೋಗಿಬರಲು 4,000 ಮೈಲ್ಸ್, ಕಾಲು ಭಾಗ ಕೊಟ್ಟರೆ 1,000. ಹಾಗಾಗಿ ಎರಡು ಟಿಕೆಟ್ ನಡುವೆ 600 ರೂಪಾಯಿ ವ್ಯತ್ಯಾಸ ಇದ್ದರೆ ಸುಮ್ನೆ ಅಗ್ಗದ್ದನ್ನು ಒತ್ತಬೇಡಿ, ಅಕ್ಷರ ನೋಡಿ. ವ್ಯತ್ಯಾಸ 6,000 ರೂಪಾಯಿ ಇದ್ದರೆ ಮೈಲ್ಸ್ ಮರೆತು ಅಗ್ಗದ್ದನ್ನೇ ತೆಗೆದುಕೊಳ್ಳಿ. ಮೈಲ್ಸ್ ಆಸೆಗೆ ದುಡ್ಡು ಸುರಿಯುವುದು, ಸೀರೆಗೆ ಡಿಸ್ಕೌಂಟ್ ಇದೆ ಅಂತ ಬೇಡದ ಎರಡು ಸೀರೆ ತಂದ ಹಾಗೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ತಿಳಿಯಲು ನನಗೆ ವರ್ಷಗಳೇ ಬೇಕಾದವು. ಟಿಕೆಟ್ ನೀವೇ ಮೂರು ತಿಂಗಳ ಮೊದಲು ಅಗ್ಗಕ್ಕೆ ಕೊಂಡಿದ್ದರೆ, ದೂರದ ಮೇಲೆ ಕೊಡುವ ಖಾತೆ ಲಾಭ, ಆ ಅಕ್ಷರಕ್ಕೆ ಅವರು ಅರ್ಧವಾದರೂ ಕೊಡುವ ಹಾಗಿದ್ದರೆ. ಕಂಪನಿ ಸೋಮವಾರ ಹೇಳಿ ಬುಧವಾರಕ್ಕೆ ದುಬಾರಿ ಟಿಕೆಟ್ ತೆಗೆದಿದ್ದರೆ ಖರ್ಚಿನ ಮೇಲೆ ಕೊಡುವ ಖಾತೆ ಲಾಭ. ತೆರಿಗೆಗಳನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯಲ್ಲ ಅನ್ನೋದು ನೆನಪಿರಲಿ. ಗ್ರೂಪ್ ಟಿಕೆಟ್, ಪ್ಯಾಕೇಜ್ ಟೂರ್ ಟಿಕೆಟ್‌ಗಳಿಗೆ ಬಹಳ ಸಲ ಏನೂ ಬರಲ್ಲ.

ಖಾತೆ ನಂಬರನ್ನು ಬುಕ್ ಮಾಡುವಾಗಲೇ ಹಾಕಿ. ಮರೆತರೆ ವೆಬ್ ಚೆಕ್-ಇನ್‌ನಲ್ಲಿ, ಅದೂ ಮರೆತರೆ ಕೌಂಟರಿನಲ್ಲಿ ಕೇಳಿ. ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಅದರ ಮೇಲೆ ನಿಮ್ಮ ಖಾತೆ ನಂಬರ್ ಅಚ್ಚಾಗಿದೆಯಾ ನೋಡಿ, ಮೈಲ್ಸ್ ಖಾತೆಗೆ ಬೀಳುವವರೆಗೆ ಅದನ್ನು ಎಸೆಯಬೇಡಿ. ಬರದಿದ್ದರೆ ಕೆಲವು ತಿಂಗಳೊಳಗೆ ವೆಬ್‌ಸೈಟಿನಲ್ಲಿ ಕೇಳಬಹುದು. ಆಗ ಬೇಕಾಗುವುದು 13 ಅಂಕಿಯ ಟಿಕೆಟ್ ನಂಬರ್. ಆರು ಅಕ್ಷರದ ಪಿಎನ್‌ಆರ್ ಅಲ್ಲ, ಅದು ಬೇರೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಏರ್‌ಲೈನ್‌ನದು: 098 ಇದ್ದರೆ ಏರ್ ಇಂಡಿಯಾ, 618 ಸಿಂಗಾಪುರ, 220 ಲುಫ್ತಾನ್ಸಾ, 176 ಎಮಿರೇಟ್ಸ್.

ಹೆಜ್ಜೆ 4: ಹಾರದೇ ಕೂಡಿಸುವುದು

ನಿಜ ಹೇಳಬೇಕೆಂದರೆ ವರ್ಷಕ್ಕೆ ಎರಡು ಸಲ ಹಾರುವವರಿಗೆ ಹಾರಾಟದಿಂದ ಬರುವ ಮೈಲ್ಸ್ ಕಡಿಮೆ. ದೊಡ್ಡ ಗಂಟು ಬರುವುದು ಕ್ರೆಡಿಟ್ ಕಾರ್ಡಿನಿಂದ. ಎರಡು ಜಾತಿ ಇವೆ. ಒಂದು, ಏರ್‌ಲೈನ್ ಹೆಸರಿರುವ ಕಾರ್ಡು, ಪಾಯಿಂಟು ನೇರ ಆ ಖಾತೆಗೇ ಹೋಗುತ್ತದೆ. ಇನ್ನೊಂದು, ಬ್ಯಾಂಕಿನದೇ ಪಾಯಿಂಟು, ಬೇಕಾದಾಗ ಹಲವು ಏರ್‌ಲೈನ್‌ಗಳಲ್ಲಿ ಒಂದಕ್ಕೆ ದಾಟಿಸುವುದು. ಎಚ್‌ಡಿಎಫ್‌ಸಿ, ಆಕ್ಸಿಸ್, ಅಮೆರಿಕನ್ ಎಕ್ಸ್‌ಪ್ರೆಸ್‌ನ ಕೆಲವು ಕಾರ್ಡುಗಳು ಹೀಗಿವೆ. ನನಗೆ ಎರಡನೆಯ ಜಾತಿಯೇ ಇಷ್ಟ, ಯಾಕೆಂದರೆ ಎಲ್ಲಿಗೆ ಹೋಗುತ್ತೇನೆ ಅಂತ ಗೊತ್ತಾಗುವವರೆಗೆ ಕೈ ಕಟ್ಟಿಹಾಕಿಕೊಂಡ ಹಾಗೆ ಆಗಲ್ಲ.

ದಾಟಿಸುವ ಮೊದಲು ಒಂದು ನಿಯಮ: ಬೇಕಾದ ಮೈಲ್ಸ್ ಟಿಕೆಟ್ ಇದೆ ಅಂತ ಕಣ್ಣಾರೆ ನೋಡಿದ ಮೇಲೆ ಮಾತ್ರ ದಾಟಿಸಿ. ಒಮ್ಮೆ ಏರ್‌ಲೈನ್‌ಗೆ ಹೋದ ಪಾಯಿಂಟು ಬ್ಯಾಂಕಿಗೆ ವಾಪಸ್ ಬರಲ್ಲ, ಹೋಗಲು ಕೆಲವು ಸಲ ದಿನಗಳೂ ಹಿಡಿಯುತ್ತವೆ. ಎಷ್ಟು ಪಾಯಿಂಟಿಗೆ ಎಷ್ಟು ಮೈಲ್ಸ್ ಅನ್ನುವ ಲೆಕ್ಕವನ್ನು ಬ್ಯಾಂಕುಗಳು ಆಗಾಗ ಬದಲಾಯಿಸುತ್ತವೆ, ಹೋದ ವರ್ಷದ ವಿಡಿಯೋ ನೋಡಿ ಕಾರ್ಡು ತೆಗೆದುಕೊಳ್ಳಬೇಡಿ. ಬಾಡಿಗೆ, ಪೆಟ್ರೋಲ್, ವ್ಯಾಲೆಟ್‌ಗೆ ದುಡ್ಡು ತುಂಬುವುದು, ಇವಕ್ಕೆ ಬಹಳ ಕಾರ್ಡುಗಳಲ್ಲಿ ಪಾಯಿಂಟು ಇಲ್ಲ ಅಥವಾ ಮಿತಿ ಇದೆ. ವಿದೇಶದಲ್ಲಿ ಉಜ್ಜಿದರೆ ಸಾಮಾನ್ಯ ಕಾರ್ಡಿನಲ್ಲಿ ಶೇ. 3.5ರಷ್ಟು ಫಾರೆಕ್ಸ್ ಚಾರ್ಜು, ಅದರ ಮೇಲೆ ಜಿಎಸ್‌ಟಿ. ಬಂದ ಮೈಲ್ಸ್ ಅಲ್ಲೇ ಕರಗಿತು.

ಮತ್ತೆ, ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದವರು ಈ ಹೆಜ್ಜೆಯನ್ನೇ ಬಿಟ್ಟುಬಿಡಿ. ತಿಂಗಳಿಗೆ ಶೇ. 3.5ರ ಆಸುಪಾಸಿನ ಬಡ್ಡಿ, ವರ್ಷಕ್ಕೆ 40 ದಾಟುತ್ತದೆ. ಯಾವ ಮೈಲ್ಸೂ ಅದನ್ನು ತುಂಬಲ್ಲ.

ಹೋಟೆಲ್ ಪಾಯಿಂಟನ್ನೂ ದಾಟಿಸಬಹುದು. ಮ್ಯಾರಿಯಟ್‌ನಲ್ಲಿ ಹೆಚ್ಚಿನ ಏರ್‌ಲೈನ್‌ಗೆ ಮೂರಕ್ಕೆ ಒಂದು. ಚಿಲ್ಲರೆ ಕಡಿಮೆ ಬಿದ್ದಾಗ ತುಂಬಿಸಲು ಸರಿ, ಇಲ್ಲದಿದ್ದರೆ ಹೋಟೆಲಿಗೇ ಬಳಸಿ. ದುಡ್ಡು ಕೊಟ್ಟು ಮೈಲ್ಸ್ ಕೊಳ್ಳುವುದೂ ಹಾಗೇ, 500-1,000 ಕಡಿಮೆ ಬಿದ್ದರೆ ಮಾತ್ರ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಮೈಲ್ಸ್ ಮಾರುತ್ತಾರೆ ಅಂತ ಹೋಗಬೇಡಿ, ಗೊತ್ತಾದರೆ ಏರ್‌ಲೈನ್ ಖಾತೆಯನ್ನೇ ಮುಚ್ಚಬಹುದು.

ಹೆಜ್ಜೆ 5: ಖರ್ಚು ಮಾಡುವ ಮುಂಚೆ ಕಾಗದ-ಪೆನ್ನು

ಮೈಲ್ಸ್ ಟಿಕೆಟ್ ಪೂರ್ತಿ ಪುಕ್ಕಟೆ ಅಲ್ಲ. ತೆರಿಗೆ ಕಟ್ಟಬೇಕು, ಕೆಲವು ಏರ್‌ಲೈನ್‌ಗಳಲ್ಲಿ ಫ್ಯುಯೆಲ್ ಸರ್‌ಚಾರ್ಜೂ. ಲುಫ್ತಾನ್ಸಾ, ಬ್ರಿಟಿಷ್ ಏರ್‌ವೇಸ್, ಎಮಿರೇಟ್ಸ್‌ಗಳಲ್ಲಿ ಇದು ಭಾರಿ ಇರುತ್ತದೆ. ಅದೇ ಲುಫ್ತಾನ್ಸಾ ಸೀಟನ್ನು ಏರ್ ಕೆನಡಾದ ಏರೋಪ್ಲಾನ್ ಮೂಲಕ ತೆಗೆದರೆ ಸರ್‌ಚಾರ್ಜ್ ಇಲ್ಲ. ಒಂದೇ ವಿಮಾನ, ಒಂದೇ ಸೀಟು, ಖಾತೆ ಬೇರೆ ಅಷ್ಟೇ.

ಲೆಕ್ಕ ಹೀಗೆ: ದುಡ್ಡು ಕೊಟ್ಟರೆ ಟಿಕೆಟ್ ಎಷ್ಟು, ಅದರಲ್ಲಿ ಮೈಲ್ಸ್ ಟಿಕೆಟ್‌ಗೆ ಕಟ್ಟಬೇಕಾದ ರೂಪಾಯಿ ಕಳೆಯಿರಿ, ಉಳಿದದ್ದನ್ನು ಬೇಕಾಗುವ ಮೈಲ್ಸ್‌ನಿಂದ ಭಾಗಿಸಿ. ಬಾಯಿಲೆಕ್ಕಕ್ಕೆ ಒಂದು ಉದಾಹರಣೆ ಹಿಡಿಯೋಣ. ಟಿಕೆಟ್ 26,000 ರೂಪಾಯಿ. ಮೈಲ್ಸ್‌ನಲ್ಲಿ ತೆಗೆದರೆ 20,000 ಮೈಲ್ಸ್ ಜೊತೆಗೆ 6,000 ರೂಪಾಯಿ. ಅಂದರೆ ಒಂದು ಮೈಲ್‌ಗೆ ಒಂದು ರೂಪಾಯಿ ಸಿಕ್ಕಿತು. ಸರ್‌ಚಾರ್ಜ್ ಸೇರಿ ಕಟ್ಟಬೇಕಾದ್ದು 16,000 ಆದರೆ? ಬರೀ 50 ಪೈಸೆ. ಅದೇ 20,000 ಮೈಲ್ಸ್‌ಗೆ 4,000 ರೂಪಾಯಿಯ ಮಿಕ್ಸಿ ಕೊಡುತ್ತಾರೆ ಅಂದುಕೊಳ್ಳಿ, 20 ಪೈಸೆ. ಮಿಕ್ಸಿ ಬೇಕಿದ್ದರೆ ಅಂಗಡಿಯಲ್ಲಿ ತನ್ನಿ.

ನನ್ನ ಮಟ್ಟಿಗೆ 50 ಪೈಸೆಗಿಂತ ಕೆಳಗೆ ಬಂದರೆ ದುಡ್ಡೇ ಕೊಡುತ್ತೇನೆ. ಬಿಸಿನೆಸ್ ಕ್ಲಾಸ್‌ಗೆ ಲೆಕ್ಕ ಹಾಕಿದರೆ ಮೈಲ್‌ಗೆ ಎರಡು, ಮೂರು ರೂಪಾಯಿಯೂ ಬರಬಹುದು. ನೋಡಿ ಹಿಗ್ಗುವ ಮೊದಲು ಕೇಳಿಕೊಳ್ಳಿ, ಮೈಲ್ಸ್ ಇಲ್ಲದಿದ್ದರೆ ಆ ದುಡ್ಡು ಕೊಟ್ಟು ಆ ಸೀಟಿನಲ್ಲಿ ಕೂರುತ್ತಿದ್ದಿರಾ ಅಂತ. ಆದರೂ ಮಂಡಿನೋವಿನ ಅಪ್ಪನನ್ನು ಹತ್ತು ಗಂಟೆ ಕಾಲು ಚಾಚಿ ಮಲಗಿಸಿ ಕಳಿಸಬಹುದಾದರೆ ನಾನಂತೂ ಲೆಕ್ಕ ಬದಿಗಿಡುತ್ತೇನೆ.

ಮೈಲ್ಸ್‌ಗೆ ಅಂತ ಮೀಸಲಿಡುವ ಸೀಟುಗಳು ಕಡಿಮೆ. ಹೆಚ್ಚಿನ ಕಡೆ ಸುಮಾರು 11 ತಿಂಗಳ ಮುಂಚೆಯೇ ತೆರೆಯುತ್ತವೆ. ದಸರಾ, ಡಿಸೆಂಬರ್, ಮಕ್ಕಳ ಬೇಸಿಗೆ ರಜೆಗೆ ಬೇಕಿದ್ದರೆ ಆಗಲೇ ನೋಡಬೇಕು. ಒಂದೇ ಸಲ ನಾಲ್ಕು ಸೀಟು ಹುಡುಕಿದರೆ ಏನೂ ಇಲ್ಲ ಅಂತ ತೋರಿಸಬಹುದು, ಎರಡೆರಡಾಗಿ ಹುಡುಕಿ ನೋಡಿ.

ಹೆಚ್ಚು ಹಾರುವವರಿಗೆ ಕೊಡುವ ಸಿಲ್ವರ್, ಗೋಲ್ಡ್ ದರ್ಜೆಗಳ ಬಗ್ಗೆ ಹೆಚ್ಚು ಹೇಳಲ್ಲ. ಸ್ಟಾರ್ ಅಲಯನ್ಸ್ ಗೋಲ್ಡ್ ಸಿಕ್ಕರೆ ಎಕಾನಮಿ ಟಿಕೆಟ್ಟಿಗೂ ಲಾಂಜು, ಜೊತೆಗೆ 20 ಕೆ.ಜಿ. ಅಥವಾ ಒಂದು ಪೆಟ್ಟಿಗೆ ಜಾಸ್ತಿ ಲಗೇಜು. ಉಪ್ಪಿನಕಾಯಿ, ಹುಳಿಪುಡಿ, ಚಟ್ನಿಪುಡಿ ಹೊರುವವರಿಗೆ ಆ ಪೆಟ್ಟಿಗೆಯೇ ಲಾಂಜಿಗಿಂತ ದೊಡ್ಡದು. ಆದರೆ ಕಂಪನಿ ಖರ್ಚಿನಲ್ಲಿ ಮೇಲಿಂದ ಮೇಲೆ ಹಾರುವವರಿಗೆ ಮಾತ್ರ ಎಟುಕುವ ಮಾತು ಇದು.

ಹೆಜ್ಜೆ 6: ಕೂಡಿಟ್ಟು ಕೂರಬೇಡಿ

ಮೈಲ್ಸ್‌ಗೆ ಬಡ್ಡಿ ಬೆಳೆಯಲ್ಲ. ಇವತ್ತು 20,000ಕ್ಕೆ ಸಿಗುವ ಟಿಕೆಟ್‌ಗೆ ನಾಳೆ 25,000 ಅಂದರೆ ಕೇಳುವವರಿಲ್ಲ. ಏರ್‌ಲೈನೇ ಮುಚ್ಚಬಹುದು. ನಮ್ಮ ಬೆಂಗಳೂರಿನದ್ದೇ ಆದ ಕಿಂಗ್‌ಫಿಶರ್ 2012ರ ಅಕ್ಟೋಬರ್‌ನಲ್ಲಿ ನಿಂತಿತು, ಕಿಂಗ್ ಕ್ಲಬ್ ಮೈಲ್ಸ್ ಇದ್ದವರಿಗೆ ಹತ್ತಲು ವಿಮಾನವೇ ಇರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಅದರ ಮೈಲ್ಸ್ ಯೋಜನೆ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿದ್ದರಿಂದ ಪಾಯಿಂಟು ಉಳಿಯಿತು, ಇಂಟರ್‌ಮೈಲ್ಸ್ ಅಂತ ಹೆಸರು ಬದಲಾಯಿತು.

ಅವಧಿಯ ನಿಯಮ ಒಂದೊಂದು ಕಡೆ ಒಂದೊಂದು. ಯುನೈಟೆಡ್, ಡೆಲ್ಟಾ ಮೈಲ್ಸ್‌ಗೆ ಈಗ ಅವಧಿಯೇ ಇಲ್ಲ, ಅಮೆರಿಕದಲ್ಲಿರುವ ನಮ್ಮವರಿಗೆ ಇದು ಅನುಕೂಲ. ಕತಾರ್, ಬ್ರಿಟಿಷ್ ಏರ್‌ವೇಸ್ ಖಾತೆಯ ಏವಿಯೋಸ್ 36 ತಿಂಗಳು ಅಲ್ಲಾಡದೇ ಇದ್ದರೆ ಹೋಗುತ್ತದೆ, ನಡುವೆ ಒಂದಿಷ್ಟು ಸೇರಿದರೂ ಕಳೆದರೂ ಮತ್ತೆ ಮೊದಲಿನಿಂದ ಎಣಿಕೆ. ಏರೋಪ್ಲಾನ್‌ಗೆ ಅದೇ ಲೆಕ್ಕ 18 ತಿಂಗಳು. ಕ್ರಿಸ್‌ಫ್ಲೈಯರ್ ಮಾತು ಆಗಲೇ ಹೇಳಿದೆ. ಫೋನಿನ ಕ್ಯಾಲೆಂಡರ್‌ನಲ್ಲಿ ಕೊನೆಯ ತಾರೀಖಿಗೆ ಆರು ತಿಂಗಳ ಮುಂಚೆ ಒಂದು ಅಲಾರಂ ಇಡಿ, ವಾರಕ್ಕೆ ಮುಂಚೆ ಅಲ್ಲ. ವಾರದಲ್ಲಿ ಸೀಟು ಸಿಗಲ್ಲ.

ಅಂದ ಹಾಗೆ ಆ ನಾಲ್ಕನೆಯ ಖಾತೆಯ ಪಾಸ್‌ವರ್ಡ್ ಮೊನ್ನೆ ಸಿಕ್ಕಿತು. 3,120 ಮೈಲ್ಸ್, ಇನ್ನೂ ಬದುಕಿವೆ, ಮಾರ್ಚ್‌ವರೆಗೆ. ಕಾರ್ಡಿನಿಂದ 1,000 ಪಾಯಿಂಟು ದಾಟಿಸಿದರೆ ಅವಧಿ ಮುಂದೆ ಹೋಗುತ್ತದೆ ಅಂತ ಇದೆ. ದಾಟಿಸಲೋ ಬೇಡವೋ ಅಂತ ಅಕ್ಕನನ್ನು ಕೇಳಿದೆ. "ನೀನೇ ಬರೆದಿದ್ದೀಯಲ್ಲೋ, ಟಿಕೆಟ್ ನೋಡದೇ ದಾಟಿಸಬಾರದು ಅಂತ" ಅಂದಳು.